ಪೇಪರ್ ಬಾರದಿದ್ದರೆ ಪಂಡಿತರಿಗೂ ಕಾಣದು!

ಮಾಲು ಒಳ್ಳೆಯದಿದ್ದರೆ ಸಾಕೆ? ಬೋರ್ಡು ಬೇಡವೆ? ಪೇಟೆಯಲ್ಲಿ ಅಂಗಡಿ ಇಟ್ಟ ಯಾರನ್ನು ಕೇಳಿದರೂ ಉತ್ತರ ಒಂದೇ. ಡಾಕ್ಟರುಗಳ ಸಂಶೋಧನೆಗೂ ಇದೇ ನಿಯಮ ಅಂದರೆ ನಂಬುತ್ತೀರಾ? ಅಮೆರಿಕದ ಒಂದು ಪೇಪರ್ ಮುಷ್ಕರ ಅದನ್ನು ತೋರಿಸಿಕೊಟ್ಟಿದೆ.

ವೈದ್ಯ ವಿಜ್ಞಾನಿಗಳು ಲೇಖನ ಬರೆದಾಗ, ಹಿಂದೆ ಯಾರ್‍ಯಾರು ಮಾಡಿದ ಕೆಲಸ ತಮಗೆ ನೆರವಾಯಿತೆಂದು ಕೊನೆಯಲ್ಲಿ ಪಟ್ಟಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ಸೇರಿದರೆ ಅದೊಂದು ಉಲ್ಲೇಖ. ಯಾವ ಲೇಖನಕ್ಕೆ ಎಷ್ಟು ಉಲ್ಲೇಖ ಎಂಬ ಲೆಕ್ಕ ನೋಡಿ ಬಡ್ತಿ ಕೊಡುವವರುಂಟು, ಸಂಶೋಧನೆಗೆ ಹಣ ಕೊಡುವವರೂ ಉಂಟು. ಹಾಗಾಗಿ ಇದು ಬರೀ ಹೆಸರಿನ ಮಾತಲ್ಲ, ಅನ್ನದ ಮಾತು.

ಮುಷ್ಕರ ಹೇಳಿದ ಸತ್ಯ

1978ರ ಆಗಸ್ಟ್‌ನಿಂದ ನವೆಂಬರ್‌ವರೆಗೆ 'ನ್ಯೂಯಾರ್ಕ್ ಟೈಮ್ಸ್' ಬೀದಿಗೆ ಬರಲಿಲ್ಲ. ಮುಷ್ಕರ! ಆದರೂ ಕಚೇರಿಯಲ್ಲಿ ದಾಖಲೆಗೆಂದು ಸಂಚಿಕೆ ತಯಾರಾಗುತ್ತಲೇ ಇತ್ತು, ಮಾರಾಟಕ್ಕಲ್ಲ. 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಎಂಬ ಹೆಸರಾಂತ ಪತ್ರಿಕೆಯ ಲೇಖನಗಳ ಸುದ್ದಿಯೂ ಅದರಲ್ಲಿತ್ತು.

ಕ್ಯಾಲಿಫೋರ್ನಿಯಾದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ ಮತ್ತು ಜೊತೆಗಾರರು ಇದನ್ನೇ ಹಿಡಿದು ಲೆಕ್ಕ ಹಾಕಿದರು. 1991ರಲ್ಲಿ ಫಲ ಹೊರಬಿತ್ತು. ಪೇಪರ್ ಮಾಮೂಲಾಗಿ ಮಾರಾಟವಾದ 1979ರಲ್ಲಿ ಅದರಲ್ಲಿ ಸುದ್ದಿಯಾದ ಲೇಖನಗಳಿಗೆ, ಸುದ್ದಿಯಾಗದ ಅಂಥದೇ ಲೇಖನಗಳಿಗಿಂತ ಮೊದಲ ವರ್ಷವೇ ಶೇಕಡಾ 72.8ರಷ್ಟು ಹೆಚ್ಚು ಉಲ್ಲೇಖ! ಮುಷ್ಕರದ ದಿನಗಳಲ್ಲಿ ಆರಿಸಿದ ಲೇಖನಗಳಿಗೆ? ಅಂಥ ಹೆಚ್ಚಳ ಕಾಣಲಿಲ್ಲ.

'ವರದಿಗಾರ ಒಳ್ಳೆಯದನ್ನೇ ಆರಿಸುತ್ತಾನೆ, ಅದಕ್ಕೇ ಉಲ್ಲೇಖ ಜಾಸ್ತಿ' ಎನ್ನುವ ವಾದ ಇಲ್ಲಿ ಬಿದ್ದುಹೋಯಿತು. ಆರಿಸುವ ಕೆಲಸ ಎರಡೂ ಕಾಲದಲ್ಲಿ ನಡೆದಿತ್ತು. ಓದುವವರ ಕೈಗೆ ಮಾತ್ರ ಒಮ್ಮೆ ಸಿಕ್ಕಿತು, ಇನ್ನೊಮ್ಮೆ ಸಿಗಲಿಲ್ಲ. ಬೆಳಗಿನ ಕಾಫಿ ಜೊತೆ ಪೇಪರ್ ಓದುವುದರಲ್ಲಿ ವಿಜ್ಞಾನಿಗಳೂ ನಮ್ಮ ನಿಮ್ಮಂತೆಯೇ! ಲೆಕ್ಕ ಒಂದು ಪೇಪರಿನದು, ಕೆಲವು ಡಜನ್ ಲೇಖನಗಳದು ಮಾತ್ರ, ನಿಜ. ಆದರೂ ಪಾಠ ಸಣ್ಣದಲ್ಲ.

ಕಣ್ಣಿಗೆ ಬೀಳದವರ ಗತಿ?

ಕಲ್ಕತ್ತೆಯ ಡಾ. ಶಂಭುನಾಥ ಡೇ ಅವರನ್ನು ನೋಡಿ. ಕಾಲರಾ ಆದವರ ಮೈನೀರೆಲ್ಲ ಬಸಿದುಹೋಗುವುದು ರೋಗಾಣು ಬಿಡುವ ವಿಷದಿಂದ ಎಂದು ಮೊಲದ ಕರುಳಿನಲ್ಲಿ ಪರೀಕ್ಷಿಸಿ ತೋರಿಸಿದವರು ಇವರು. ಲೇಖನ 1959ರಲ್ಲಿ ಪ್ರಖ್ಯಾತ 'ನೇಚರ್' ಪತ್ರಿಕೆಯಲ್ಲೇ ಬಂತು. ಆದರೂ ಮೊದಮೊದಲು ಗಮನಿಸಿದವರು ಕಡಿಮೆ. ಅವರು ನಿವೃತ್ತರಾದದ್ದು 1973ರಲ್ಲಿ. ನೊಬೆಲ್ ವಿಚಾರಗೋಷ್ಠಿಯ ಕರೆ ಬಂದದ್ದು 1978ರಲ್ಲಿ. 1985ರಲ್ಲಿ ತೀರಿಕೊಂಡರು. ಮರುವರ್ಷ, ಉಲ್ಲೇಖ ಎಣಿಸುವ ಸೂಚಿಯನ್ನು ಹುಟ್ಟುಹಾಕಿದ ಯೂಜೀನ್ ಗಾರ್‌ಫೀಲ್ಡ್ ಅವರೇ ಡೇ ಅವರ ಕೆಲಸವನ್ನು ಎತ್ತಿಹಿಡಿದು ಬರೆದರು. ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆ 1990ರಲ್ಲಿ ಅವರಿಗಾಗಿ ವಿಶೇಷ ಪುಟಗಳನ್ನು ಮೀಸಲಿಟ್ಟಿತು. ನೋಡಲು ಅವರಿರಲಿಲ್ಲ.

1959ರ ಲೇಖನ ಅದೇ, ಅದರಲ್ಲಿನ ಒಂದಕ್ಷರವೂ ಬದಲಾಗಲಿಲ್ಲ. ಬದಲಾದದ್ದು ನೋಡುವ ಕಣ್ಣು. ಬಡ್ತಿ ಕೊಡುವ ದೊಡ್ಡವರು ಎಣಿಕೆ ಮುಗಿಸಿದ ಮೇಲೆ ಲೇಖನವನ್ನೂ ಒಮ್ಮೆ ಓದಿದರೆ ಗಂಟೇನು ಹೋಗುತ್ತದೆ?