ಮೂವತ್ತನೆಯ ದಿನದೊಳಗೆ

ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್‌ನಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರ್. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಈ ರಸ್ತೆಯಲ್ಲೇ ಒಯ್ಯುತ್ತಾರೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೆಲವು ವಾರ ಇದ್ದು, ತೂಕ ಹಿಡಿದು, ಕೂಸು ಅದೇ ರಸ್ತೆಯಲ್ಲಿ ಮನೆಗೆ ಮರಳುತ್ತದೆ. ಮಗು ಉಳಿಯಿತಲ್ಲ ಎಂದು ಮನೆಯವರು ಚಿಕ್ಕದೇವಮ್ಮನ ಬೆಟ್ಟದ ಹರಕೆಯ ಮಾತಾಡುತ್ತಿರುವ ಹೊತ್ತಿಗೇ ಅದರ ಕಣ್ಣು ಹಾಳಾಗುತ್ತಿರಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ.

ಗರ್ಭದ ನಾಲ್ಕನೆಯ ತಿಂಗಳಲ್ಲಿ ಕಣ್ಣಿನ ನರದ ಬುಡದಿಂದ ಹೊರಟ ರಕ್ತನಾಳಗಳು ಅಕ್ಷಿಪಟಲದ ಅಂಚು ಮುಟ್ಟುವಾಗ ಒಂಬತ್ತು ತಿಂಗಳು ತುಂಬಿರುತ್ತದೆ. ಏಳಕ್ಕೇ ಹುಟ್ಟಿದ ಮಗುವಿನಲ್ಲಿ ಅಂಚಿನ ಭಾಗ ಇನ್ನೂ ಬರಿದು. ಮೇಲೆ ಕೊಡುವ ಆಮ್ಲಜನಕ ಮಿತಿಮೀರಿದರೆ ನಾಳಗಳ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಕೆಲವು ವಾರ ಕಳೆದ ಮೇಲೆ ರಕ್ತ ಸಿಗದ ಆ ಭಾಗದ ಒತ್ತಾಯಕ್ಕೆ ಅಡ್ಡಾದಿಡ್ಡಿ ನಾಳಗಳು ಚಿಗುರುತ್ತವೆ, ಒಸರುತ್ತವೆ, ಕಲೆಗಟ್ಟಿ ಅಕ್ಷಿಪಟಲವನ್ನೇ ಎಳೆದು ಬಿಡಿಸಿಬಿಡುತ್ತವೆ. ಇದಕ್ಕೆ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ ಎನ್ನುತ್ತಾರೆ. ಆಸ್ಪತ್ರೆಯ ಮಾತಿನಲ್ಲಿ ಆರ್‌ಒಪಿ.

ಈಗ ಇಷ್ಟು ಸಲೀಸಾಗಿ ಹೇಳುವ ಸಂಗತಿ ತಿಳಿಯುವುದಕ್ಕೆ ಎಷ್ಟು ಮಕ್ಕಳ ಕಣ್ಣು ಹೋಯಿತೆಂದು ನೆನೆದರೆ ಸಂಕಟವಾಗುತ್ತದೆ. ಬಾಸ್ಟನ್ನಿನ ಥಿಯೊಡೋರ್ ಟೆರಿ 1942ರಲ್ಲಿ ಇದನ್ನು ವರದಿ ಮಾಡಿದರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು 10 ಸಾವಿರ ಮಕ್ಕಳು ಕುರುಡಾದರೆಂಬ ಅಂದಾಜಿದೆ. ವೈದ್ಯರು ವಿಟಮಿನ್ ಕೊರತೆಯನ್ನು ದೂರಿದರು, ಕಬ್ಬಿಣಾಂಶವನ್ನು ದೂರಿದರು, ಬೆಳಕನ್ನು ದೂರಿದರು. ನ್ಯೂಯಾರ್ಕಿನ ವಿಲಿಯಂ ಸಿಲ್ವರ್‌ಮನ್ ಎಸಿಟಿಎಚ್ ಎಂಬ ಹಾರ್ಮೋನ್ ಕೊಟ್ಟು ನೋಡಿದರು. 31 ಮಕ್ಕಳಲ್ಲಿ 25 ಮಕ್ಕಳ ದೃಷ್ಟಿ ಉಳಿಯಿತು. ಇಂಥ ಫಲ ಕಂಡ ಮೇಲೆ ಯಾರಾದರೂ ಔಷಧ ಸಿಕ್ಕಿತೆಂದೇ ನಂಬುತ್ತಾರೆ. ಸಿಲ್ವರ್‌ಮನ್ ಅಷ್ಟಕ್ಕೆ ಬಿಡಲಿಲ್ಲ. ಯಾವ ಮಗುವಿಗೆ ಔಷಧ, ಯಾವುದಕ್ಕೆ ಇಲ್ಲ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಚೀಟಿ ಎತ್ತಿದ ಹಾಗೆ ನಿರ್ಧರಿಸಿ ಹೋಲಿಸಿದರು. ಔಷಧ ಪಡೆದವರಲ್ಲಿ ಮೂರರಲ್ಲೊಂದು ಪಾಲು ಮಕ್ಕಳು ಕುರುಡಾದರು. ಪಡೆಯದವರಲ್ಲಿ ಐದರಲ್ಲೊಂದು ಪಾಲು. ಸೌಮ್ಯವಾದ ಕಾಯಿಲೆ ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ಆ ಶ್ರೇಯವೆಲ್ಲ ಔಷಧದ ಲೆಕ್ಕಕ್ಕೆ ಸೇರಿಕೊಂಡಿತ್ತು.

1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಆಮ್ಲಜನಕದ ಮೇಲೆ ಬೆರಳು ತೋರಿಸಿದರು. ಜೀವ ಉಳಿಸುವ ಗಾಳಿಯೇ ಕಣ್ಣು ತೆಗೆಯುತ್ತದೆಂದರೆ ಯಾರು ಒಪ್ಪುತ್ತಾರೆ? ವಾಷಿಂಗ್‌ಟನ್ನಿನಲ್ಲಿ ಆರ್ನಲ್ ಪ್ಯಾಟ್ಜ್ ಇದನ್ನು ಪರೀಕ್ಷೆಗೊಡ್ಡಿದಾಗ, ಕಡಿಮೆ ಆಮ್ಲಜನಕದ ಗುಂಪಿನ ಕೂಸುಗಳನ್ನು ನೋಡಲಾರದೆ ಕೆಲವು ಹಿರಿಯ ದಾದಿಯರು ರಾತ್ರಿ ಹೊತ್ತು ಗಾಳಿ ಹೆಚ್ಚಿಸಿಬಿಡುತ್ತಿದ್ದರಂತೆ. ಅವರದ್ದು ಅಂತಃಕರಣವೇ, ಅದರಲ್ಲಿ ಅನುಮಾನವಿಲ್ಲ. 1953ರಲ್ಲಿ 18 ಆಸ್ಪತ್ರೆಗಳು ಸೇರಿ 786 ಮಕ್ಕಳ ಮೇಲೆ ನಡೆಸಿದ ಅಧ್ಯಯನ ಆಮ್ಲಜನಕದ ಪಾತ್ರವನ್ನು ಖಚಿತಪಡಿಸಿತು.

ಜಗಳ ಅಲ್ಲಿಗೂ ಮುಗಿಯಲಿಲ್ಲ. ಆಮ್ಲಜನಕವನ್ನು ಎಲ್ಲೆಡೆ ಬಿಗಿಹಿಡಿದ ಮೇಲೆ ಕುರುಡುತನ ಇಳಿಯಿತು, ಉಸಿರು ಸಾಲದೆ ಸಾಯುವ ಮಕ್ಕಳು ಹೆಚ್ಚಿದರು. ಒಂದು ಮಗುವಿನ ದೃಷ್ಟಿ ಉಳಿಸಲು ಸುಮಾರು 16 ಮಕ್ಕಳ ಪ್ರಾಣ ಹೋಗಿರಬಹುದೆಂದು 1973ರಲ್ಲಿ ಕೆನೆತ್ ಕ್ರಾಸ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೆಕ್ಕ ಹಾಕಿದರು. ಎಷ್ಟು ಕೊಟ್ಟರೆ ಸರಿ ಎಂಬ ಚರ್ಚೆ ಇಂದಿಗೂ ಜೀವಂತವಾಗಿದೆ. ಹಾಗಾಗಿ ಆಮ್ಲಜನಕವನ್ನು ಅಳತೆಯಲ್ಲಿಡುವುದರ ಜೊತೆಗೆ, ಕಣ್ಣನ್ನು ಸಕಾಲಕ್ಕೆ ನೋಡಿ ಬೇಕಾದವರಿಗೆ ಲೇಸರ್ ಹಾಕುವುದೇ ದಾರಿಯಾಯಿತು.

ನಮ್ಮಲ್ಲಿ ತೊಡಕು ಇನ್ನೊಂದು. ಅಮೆರಿಕದ ನಿಯಮದಂತೆ ಒಂದೂವರೆ ಕಿಲೋ ಮೀರದ ಕೂಸುಗಳನ್ನು ನೋಡಿದರೆ ಬಹುಮಟ್ಟಿಗೆ ಸಾಕು. ಚಂಡೀಗಢದ ಪಿಜಿಐ ಆಸ್ಪತ್ರೆಯ ಹತ್ತು ವರ್ಷಗಳ ದಾಖಲೆ ನೋಡಿದರೆ, ಭಾರತದಲ್ಲಿ ಅದಕ್ಕಿಂತ ಹೆಚ್ಚು ತೂಕದ ಮಕ್ಕಳಿಗೂ ಕಾಯಿಲೆ ತೀವ್ರವಾಗಿಯೇ ಬರುತ್ತಿತ್ತು. ಇಲ್ಲಿನ ಗೆರೆ 2 ಕಿಲೋ ಅಥವಾ ಗರ್ಭದ 34 ವಾರಕ್ಕೆ ಏರಿತು. ನೋಡಬೇಕಾದ ಕೂಸುಗಳು ಹೆಚ್ಚಿದವು. ನೋಡಬಲ್ಲ ತಜ್ಞರು ಬೆರಳೆಣಿಕೆಯಷ್ಟು, ಅವರೂ ನಗರಗಳಲ್ಲಿ.

ಆ ಚಂಡೀಗಢದ ಅಧ್ಯಯನದಲ್ಲಿದ್ದ ಡಾ. ಆನಂದ್ ವಿನೇಕರ್ 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಿಂದ ಕಿಡ್‌ರಾಪ್ ಯೋಜನೆ ಆರಂಭಿಸಿದರು. ವೈದ್ಯರ ಬದಲು ತರಬೇತಿ ಪಡೆದ ತಂತ್ರಜ್ಞರು ರೆಟ್‌ಕ್ಯಾಮ್ ಎಂಬ ಕ್ಯಾಮೆರಾ ಹೊತ್ತು ಊರೂರಿನ ನವಜಾತ ಶಿಶು ಘಟಕಗಳಿಗೆ ಹೋಗಬೇಕು, ಚಿತ್ರ ತೆಗೆಯಬೇಕು, ಕಳಿಸಬೇಕು. ದೂರದ ತಜ್ಞರು ಮೊಬೈಲಿನಲ್ಲೇ ನೋಡಿ ವರದಿ ಕೊಡಬೇಕು. ಇಷ್ಟೇ ಆಗಿದ್ದರೆ ಹೆಚ್ಚು ತಕರಾರಿಗೆ ಎಡೆಯಿರಲಿಲ್ಲ. ಚಿಕಿತ್ಸೆ ಬೇಕೋ, ಮತ್ತೆ ನೋಡಬೇಕೋ, ಇನ್ನು ಚಿಂತೆಯಿಲ್ಲವೋ ಎಂದು ತಂತ್ರಜ್ಞರೇ ಸ್ಥಳದಲ್ಲೇ ವಿಂಗಡಿಸುವುದೂ ಅದರಲ್ಲಿತ್ತು. ತಲೆಗೆ ದೀಪ ಕಟ್ಟಿ, ಮಸೂರ ಹಿಡಿದು ಪರಿಣತ ವೈದ್ಯ ನೋಡುವುದೇ ಈ ಕಾಯಿಲೆಯ ಅಂತಿಮ ಪ್ರಮಾಣವೆಂದು ಇಡೀ ವೃತ್ತಿ ನಂಬಿತ್ತು. ವೈದ್ಯರಲ್ಲದವರ ತೀರ್ಪಿಗೆ ಕೂಸಿನ ಕಣ್ಣು ಒಪ್ಪಿಸುವುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಉತ್ತರವನ್ನು ಅಳತೆಯಲ್ಲಿ ಕೊಟ್ಟದ್ದು ನನಗೆ ಈ ಕತೆಯಲ್ಲಿ ಬಹಳ ಮೆಚ್ಚುಗೆಯಾದ ಭಾಗ. ತಂತ್ರಜ್ಞರಿಗೆ 20 ಅಂಕಗಳ ಪರೀಕ್ಷೆಯಿಟ್ಟು ಮೂರು ಹಂತ ಮಾಡಿದರು. ಅವರ ತೀರ್ಮಾನವನ್ನು ತಜ್ಞರ ತೀರ್ಮಾನದ ಪಕ್ಕದಲ್ಲಿಟ್ಟು ಹೋಲಿಸಿದರು. ಇಲ್ಲಿ ಚೀಟಿ ಎತ್ತುವ ಅಗತ್ಯವಿರಲಿಲ್ಲ, ಏಕೆಂದರೆ ಇಬ್ಬರ ಮುಂದಿದ್ದದ್ದೂ ಅದೇ ಕೂಸು, ಅದೇ ಕಣ್ಣು. 2014ರಲ್ಲಿ ಇಂಡಿಯನ್ ಜರ್ನಲ್ ಆಫ್ ಆಫ್ತಲ್ಮಾಲಜಿಯಲ್ಲಿ ಬಂದ ವರದಿಯಲ್ಲಿ 1,601 ಶಿಶುಗಳ 6,339 ತಪಾಸಣೆಗಳ ಲೆಕ್ಕವಿದೆ. ಮೂರನೆಯ ಹಂತದ ತಂತ್ರಜ್ಞರು ಶೇ 94.3ರಷ್ಟು ತೀರ್ಮಾನಗಳಲ್ಲಿ ತಜ್ಞರೊಂದಿಗೆ ಒಮ್ಮತ ಹೊಂದಿದರು. ಚಿಕಿತ್ಸೆ ಬೇಕೆಂದು ಗುರುತಿಸಿದ ನೂರರಲ್ಲಿ ಹದಿನೆಂಟರಷ್ಟು ಸುಳ್ಳು ಎಚ್ಚರಿಕೆಗಳಿದ್ದವು, ನಿಜ. ಅಂಥ ತಪ್ಪಿಗೆ ತಾಯಿ ಇನ್ನೊಂದು ಸಲ ಬಸ್ಸು ಹತ್ತಬೇಕಾಗುತ್ತದೆ, ಅಷ್ಟೇ. ಕೈತಪ್ಪಿದ ಕಣ್ಣನ್ನು ಮರಳಿ ತರುವ ಬಸ್ಸಿಲ್ಲ. ಚಿಕಿತ್ಸೆ ಬೇಕಿದ್ದು ಹಾಗೆ ತಪ್ಪಿಹೋದ ಶಿಶುಗಳು ಶೇ 0.4 ಮಾತ್ರ. ಆ ಹೊತ್ತಿಗೆ ಯೋಜನೆ ರಾಜ್ಯದ 81 ಶಿಶು ಘಟಕಗಳನ್ನು ತಲುಪಿತ್ತು.

ಚಿಕಿತ್ಸೆಯ ಬಗೆಗಿನ ವಾದ ಬೇರೆಯೇ ಇದೆ. 2011ರ ಬೀಟ್-ಆರ್‌ಒಪಿ ಅಧ್ಯಯನದಲ್ಲಿ ಅಕ್ಷಿಪಟಲದ ನಡುಭಾಗದ ಕಾಯಿಲೆಗೆ ಲೇಸರ್‌ಗಿಂತ ಬೆವಾಸಿಝುಮ್ಯಾಬ್ ಚುಚ್ಚುಮದ್ದು ಮೇಲೆನಿಸಿತು. ಆದರೆ ಅದರಲ್ಲಿದ್ದದ್ದು 150 ಶಿಶುಗಳು. ಬೆಳೆಯುವ ದೇಹಕ್ಕೆ ಔಷಧ ಸುರಕ್ಷಿತವೇ ಎಂದು ಹೇಳಲು ಅಷ್ಟು ಸಾಲದು. ಎಸಿಟಿಎಚ್‌ನ ಕತೆ ಬಲ್ಲವರು ಇಲ್ಲಿ ನಿಧಾನಿಸುವುದು ಸರಿಯೆಂದೇ ನನ್ನ ಎಣಿಕೆ.

ಶೇ 0.4 ಎಂಬ ಆ ಹೆಮ್ಮೆಯ ಅಂಕಿ ಕ್ಯಾಮೆರಾದ ಮುಂದೆ ಬಂದ ಕೂಸುಗಳದ್ದು. ಕಾಡಂಚಿನ ಹಾಡಿಗೆ ಮರಳಿ, ಮತ್ತೆ ತಪಾಸಣೆಗೆ ಬಾರದ ಕೂಸು ಯಾವ ಅಧ್ಯಯನದ ಲೆಕ್ಕದಲ್ಲೂ ಇರುವುದಿಲ್ಲ. ಮೊದಲ ತಪಾಸಣೆ ಹುಟ್ಟಿದ 30 ದಿನದೊಳಗೆ ಆಗಬೇಕು. ತೀರಾ ಚಿಕ್ಕ ಕೂಸಿಗೆ ಇನ್ನೂ ಬೇಗ, ಎರಡು ಮೂರು ವಾರಕ್ಕೇ. ಕಾಯಿಲೆ ಬಲಿತಿದ್ದರೆ ಎರಡು ಮೂರು ದಿನದೊಳಗೆ ಲೇಸರ್ ಬೀಳಬೇಕು. ಆಶಾ ಕಾರ್ಯಕರ್ತೆಯರು ನವಜಾತ ಶಿಶುವಿನ ಮನೆಗೆ ಹೋಗಬೇಕಾದ ದಿನಗಳ ಪಟ್ಟಿಯಲ್ಲಿ 14, 21 ಮತ್ತು 28ನೆಯ ದಿನಗಳಿವೆ. ತೂಕ ಎರಡು ಕಿಲೋಗಿಂತ ಕಡಿಮೆಯಿದ್ದ ಕೂಸಿನ ಮನೆಯಲ್ಲಿ 14ರಂದೇ ಕೇಳಿಬಿಡಬಹುದು: ‘ಕಣ್ಣು ತೋರ್ಸುದ್ರಾ ತಾಯಿ? ಯಾವತ್ತಿಗೆ ಬರೋಕೆ ಹೇಳವ್ರೆ?’