ಓದಿನ ಬಾಗಿಲು ಹೆಣ್ಣಿಗೆ ಎಷ್ಟು ತೆರೆಯಿತು?

ಯುರೋಪಿನಲ್ಲಿ ಇಟಲಿ ಎಂಬ ದೇಶವಿದೆ. ಸುಮಾರು 600 ವರ್ಷಗಳ ಹಿಂದೆ ಅಲ್ಲಿ ದೊಡ್ಡ ಬದಲಾವಣೆ ಆಯಿತು. ಜನ ಹಳೆಯ ಗ್ರೀಕ್, ಲ್ಯಾಟಿನ್ ಪುಸ್ತಕಗಳನ್ನು ಹುಡುಕಿ ತೆಗೆದು ಮತ್ತೆ ಓದತೊಡಗಿದರು. ಚಿತ್ರ, ಶಿಲ್ಪ, ಕಟ್ಟಡ, ಎಲ್ಲದರಲ್ಲೂ ಹೊಸತನ ಬಂತು. ಆಮೇಲೆ ಅಚ್ಚಿನ ಯಂತ್ರ ಬಂತು. ಪುಸ್ತಕ ಅಗ್ಗವಾಯಿತು. ಈ ಕಾಲವನ್ನು ಪುನರುಜ್ಜೀವನ ಕಾಲ ಅಂತ ಕರೆಯುತ್ತಾರೆ. ಅಂದರೆ ಮತ್ತೆ ಜೀವ ಬಂದ ಕಾಲ.

ಜೀವ ಬಂದದ್ದು ಯಾರಿಗೆ? ಗಂಡಸರಿಗೆ ಮಾತ್ರವೋ? ಹೆಂಗಸರಿಗೂ ಬಂತೋ? ನೋಡೋಣ ಬನ್ನಿ.

ಮದುವೆ, ಇಲ್ಲವೇ ಮಠ

ಇಟಲಿಯ ದೊಡ್ಡ ಪಟ್ಟಣ ಫ್ಲಾರೆನ್ಸ್. ಅಲ್ಲಿ ಹುಡುಗಿಗೆ ಸುಮಾರು 18 ವರ್ಷಕ್ಕೆ ಮದುವೆ. ಗಂಡಿಗೆ ಸುಮಾರು 30. ಮದುವೆಗೆ ವರದಕ್ಷಿಣೆ ಬೇಕೇ ಬೇಕು. ಅದಕ್ಕಾಗಿ 1425ರಲ್ಲಿ ಪಟ್ಟಣದ ಸರ್ಕಾರವೇ ಒಂದು ನಿಧಿ ತೆರೆಯಿತು. ಮಗಳು ಚಿಕ್ಕವಳಿದ್ದಾಗ ಅಪ್ಪ ಅದರಲ್ಲಿ ಹಣ ಕಟ್ಟುತ್ತಿದ್ದ. ಮದುವೆಯಾದ ಮೇಲೆ ಬಡ್ಡಿ ಸೇರಿಸಿ ಅಳಿಯನಿಗೆ ಕೊಡುತ್ತಿದ್ದರು.

ವರದಕ್ಷಿಣೆ ಹೊಂದಿಸಲು ಆಗದಿದ್ದರೆ? ಉಳ್ಳವರ ಮನೆಯ ಎಷ್ಟೋ ಹುಡುಗಿಯರನ್ನು ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಸೇರಿಸುತ್ತಿದ್ದರು. ಬಡವರ ಹುಡುಗಿಯರು ಚಿಕ್ಕ ವಯಸ್ಸಿಗೇ ಮನೆಗೆಲಸಕ್ಕೆ ಹೋಗುತ್ತಿದ್ದರು. ನೂಲು ತೆಗೆಯುತ್ತಿದ್ದರು, ರೇಷ್ಮೆ ಸುತ್ತುತ್ತಿದ್ದರು.

ಓದು ಎಲ್ಲಿ? ವೆನಿಸ್ ಪಟ್ಟಣದ 1587ರ ಲೆಕ್ಕ ಸಿಕ್ಕಿದೆ. ಆಗ ಅಲ್ಲಿ ಶಾಲೆಯಲ್ಲಿ ಕಲಿಯುತ್ತಿದ್ದ ಮಕ್ಕಳು ಸುಮಾರು 4,600. ಅವರಲ್ಲಿ ಹುಡುಗಿಯರು ಎಷ್ಟು ಗೊತ್ತೇ? ಸುಮಾರು 30 ಜನ ಮಾತ್ರ! ಇನ್ನು ಕೆಲವರು ಮನೆಯಲ್ಲೋ ಮಠದಲ್ಲೋ ಕಲಿತರು. ಪ್ರಾರ್ಥನೆ ಓದಲು ಬಂದರೆ ಸಾಕು, ಹೊಲಿಗೆ ಬಂದರೆ ಸಾಕು ಅಂತ ಹಿರಿಯರು ಹೇಳುತ್ತಿದ್ದರು.

ಕಾಗದ ಬರೆದ ತಾಯಿ

ಫ್ಲಾರೆನ್ಸಿನಲ್ಲಿ ಅಲೆಸಾಂದ್ರಾ ಸ್ಟ್ರೊಜ್ಜಿ ಎಂಬ ಹೆಂಗಸು ಇದ್ದಳು. 1434ರಲ್ಲಿ ಆಕೆಯ ಗಂಡನನ್ನು ವಿರೋಧಿಗಳು ಗಡೀಪಾರು ಮಾಡಿದರು. ಸ್ವಲ್ಪ ದಿನದಲ್ಲೇ ಆತ ತೀರಿಕೊಂಡ. ಮಕ್ಕಳು ದೊಡ್ಡವರಾಗಿ ದುಡಿಯಲು ಪರ ಊರಿಗೆ ಹೋದರು. ಮನೆ, ಹೊಲ, ಸಾಲ, ತೆರಿಗೆ ಎಲ್ಲವೂ ಆಕೆಯ ತಲೆಯ ಮೇಲೆ ಬಿತ್ತು.

ಆದರೆ ಆಕೆಗೆ ಓದು ಬರಹ ಬರುತ್ತಿತ್ತು. ಲೆಕ್ಕ ಬರುತ್ತಿತ್ತು. ಮಕ್ಕಳಿಗೆ ತಾನೇ ಕಾಗದ ಬರೆದಳು. 1447ರ ಕಾಗದದಲ್ಲಿ ಮಗಳು ಕ್ಯಾತರಿನಾಳ ಮದುವೆಯ ಸುದ್ದಿ ಇದೆ. ಹುಡುಗಿಗೆ ಆಗ 16 ವರ್ಷ. ವರದಕ್ಷಿಣೆ 1,000 ಚಿನ್ನದ ನಾಣ್ಯ. ಇನ್ನೂ ಹೆಚ್ಚು ಕೊಟ್ಟಿದ್ದರೆ ಇನ್ನೂ ದೊಡ್ಡ ಮನೆತನ ಸಿಗುತ್ತಿತ್ತು ಅಂತ ತಾಯಿ ಬರೆದಿದ್ದಾಳೆ. ಆಕೆಯ 70ಕ್ಕೂ ಹೆಚ್ಚು ಕಾಗದಗಳು ಇಂದಿಗೂ ಉಳಿದಿವೆ. ಅಂದಿನ ಹೆಂಗಸರ ಬಾಳು ಹೇಗಿತ್ತು ಅನ್ನುವುದು ಅವುಗಳಿಂದ ನಮಗೆ ತಿಳಿಯುತ್ತದೆ.

ರಾತ್ರಿ ಓದಿದ ಲಾರಾ

ಬ್ರೆಷಾ ಎಂಬ ಊರಿನಲ್ಲಿ 1469ರಲ್ಲಿ ಲಾರಾ ಚೆರೆತಾ ಹುಟ್ಟಿದಳು. ಮಠದಲ್ಲಿ ಓದು ಕಲಿತಳು. 15 ವರ್ಷಕ್ಕೆ ಮದುವೆ. ಒಂದೂವರೆ ವರ್ಷದಲ್ಲಿ ಗಂಡ ತೀರಿಕೊಂಡ. ಲಾರಾ ಓದು ಬಿಡಲಿಲ್ಲ. ಹಗಲು ಮನೆಗೆಲಸ. ರಾತ್ರಿ ಎಲ್ಲರೂ ಮಲಗಿದ ಮೇಲೆ ಓದು, ಬರಹ. ಆಕೆ ಬರೆದದ್ದು ಲ್ಯಾಟಿನ್ ಭಾಷೆಯಲ್ಲಿ. ಅದು ಆಗ ಪಂಡಿತರ ಭಾಷೆ.

ಜನ ಏನಂದರು? ಇಷ್ಟು ಚೆನ್ನಾಗಿ ಹೆಣ್ಣು ಬರೆಯಲು ಸಾಧ್ಯವೇ ಇಲ್ಲ, ಅಪ್ಪ ಬರೆದುಕೊಟ್ಟಿರಬೇಕು ಅಂದರು! ಲಾರಾ ಸುಮ್ಮನಿರಲಿಲ್ಲ. 1488ರಲ್ಲಿ ಒಂದು ಕಾಗದ ಬರೆದಳು. ಬುದ್ಧಿ ಹೆಣ್ಣಿಗೂ ಇದೆ, ವಿದ್ಯೆ ಬರುವುದು ದುಡಿಮೆಯಿಂದ, ಕಲಿಯುವ ಹಕ್ಕು ಎಲ್ಲರದು ಎಂದು ವಾದಿಸಿದಳು. 30 ವರ್ಷಕ್ಕೇ ಆಕೆ ತೀರಿಕೊಂಡಳು. ಆಕೆಯ ಕಾಗದಗಳು ಪುಸ್ತಕವಾಗಿ ಅಚ್ಚಾದದ್ದು 1640ರಲ್ಲಿ.

ಹೊಗಳಿಕೆ ಸಿಕ್ಕಿತು, ಪದವಿ ಸಿಗಲಿಲ್ಲ

ವೆನಿಸಿನ ಕಸಾಂದ್ರಾ ಫೆದೆಲೆ ದೊಡ್ಡ ವಿದ್ವಾಂಸೆ. 1487ರಲ್ಲಿ ಪಡುವಾ ಊರಿನ ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡಿದಳು. ಆಗ ಆಕೆಗೆ ಇನ್ನೂ 22 ವರ್ಷ. ಎಲ್ಲರೂ ಹೊಗಳಿದರು. ಆದರೆ ಅಲ್ಲಿ ಸೇರಿ ಪದವಿ ಪಡೆಯುವಂತಿರಲಿಲ್ಲ. ಯಾಕೆ? ಆಕೆ ಹೆಣ್ಣು.

ಅದೇ ಪಡುವಾದಲ್ಲಿ 1678ರಲ್ಲಿ ಎಲೆನಾ ಕೊರ್ನಾರೊ ಎಂಬ ಮಹಿಳೆ ಡಾಕ್ಟರೇಟ್ ಪದವಿ ಪಡೆದಳು. ಕಸಾಂದ್ರಾ ಮಾತಾಡಿ ಆಗಲೇ 191 ವರ್ಷ ಕಳೆದಿತ್ತು!

ನೋಡಿದಿರಾ? ಕಾಲ ಬದಲಾದರೆ ಸಾಲದು. ಓದಿನ ಬಾಗಿಲು ತಾನಾಗಿ ತೆರೆಯುವುದಿಲ್ಲ. ಅಲೆಸಾಂದ್ರಾ, ಲಾರಾ, ಕಸಾಂದ್ರಾ ಎಲ್ಲರೂ ಉಳ್ಳವರ ಮನೆಯವರು. ಅವರಿಗೇ ಇಷ್ಟು ಕಷ್ಟವಾಯಿತು. ನೂಲು ತೆಗೆದ ಬಡ ಹುಡುಗಿಯರಿಗೂ ಹೇಳಲು ಮಾತಿತ್ತು. ಬರೆಯಲು ಯಾರೂ ಕಲಿಸಲಿಲ್ಲ. ಅವರ ಮಾತು ಅವರೊಂದಿಗೇ ಹೋಯಿತು.

ಕೂಡಿ ಮಾತಾಡೋಣ

1. ಅಲೆಸಾಂದ್ರಾಗೆ ಓದು ಬರಹ ಬರದಿದ್ದರೆ ಏನಾಗುತ್ತಿತ್ತು?
2. ಲಾರಾ ಬರೆದದ್ದನ್ನು ಜನ ಯಾಕೆ ನಂಬಲಿಲ್ಲ?
3. ನಿಮ್ಮ ಮನೆಯ ಹಣದ ಲೆಕ್ಕ ಯಾರು ಬರೆಯುತ್ತಾರೆ?
4. ದೂರದಲ್ಲಿರುವ ನಿಮ್ಮವರಿಗೆ ನಾಲ್ಕು ಸಾಲಿನ ಕಾಗದ ಬರೆಯಿರಿ.