ಕೆಂಪು ಔಷಧ, ಎಳೆಯ ಹೃದಯ

ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧ. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ಗೆ ಕಿಮೋ ಪಡೆಯುವ ಮಗುವಿಗೆ ಅದನ್ನು ಕೊಟ್ಟ ದಿನ ಮೂತ್ರವೂ ಕೆಂಪಾಗುತ್ತದೆ. ನರ್ಸ್ ಮೊದಲೇ ಹೇಳಿರದಿದ್ದರೆ, ರಕ್ತವೇ ಹೋಗುತ್ತಿದೆಯೇನೋ ಎಂದು ತಾಯಿ ಗಾಬರಿಯಾಗುವುದು ಸಹಜ. ಆ ಬಣ್ಣ ಒಂದೆರಡು ದಿನದಲ್ಲಿ ಮಾಯವಾಗುತ್ತದೆ. ಆದರೆ ಅದೇ ಔಷಧ ಹೃದಯಕ್ಕೆ ಮಾಡಿದ ಹಾನಿ ಕೆಲವರಲ್ಲಿ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ತಲೆಯೆತ್ತುತ್ತದೆ.

ಡಾಕ್ಸೊರುಬಿಸಿನ್ ಸೇರಿದ ಔಷಧಗಳ ಗುಂಪಿನ ಮೂಲ ಇಟಲಿಯ ಮಣ್ಣು. 1950ರ ದಶಕದಲ್ಲಿ ಅಪೂಲಿಯಾ ಪ್ರಾಂತ್ಯದ ಕಾಸ್ಟೆಲ್ ದೆಲ್ ಮಾಂಟೆ ಕೋಟೆಯ ಆಸುಪಾಸಿನ ಮಣ್ಣಿನಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ ಡಾನೊರುಬಿಸಿನ್ ಬಂತು. ಅದರ ತಮ್ಮನಂತೆ ಡಾಕ್ಸೊರುಬಿಸಿನ್. ತೀವ್ರ ಲ್ಯುಕೇಮಿಯಾದ ಚಿಕಿತ್ಸೆಯಲ್ಲಿ ಈ ಗುಂಪಿನ ಔಷಧಗಳಿಗೆ ಇಂದಿಗೂ ದೊಡ್ಡ ಸ್ಥಾನವಿದೆ.

ಗುಣವಾದ ಮಕ್ಕಳು ದೊಡ್ಡವರಾಗತೊಡಗಿದಾಗ ಇನ್ನೊಂದು ಲೆಕ್ಕ ಹೊರಬಿತ್ತು. ಅಮೆರಿಕದ ಮಕ್ಕಳ ಹೃದ್ರೋಗ ತಜ್ಞ ಸ್ಟೀವನ್ ಲಿಪ್‌ಷುಲ್ಟ್ಸ್ ಮತ್ತು ಸಂಗಡಿಗರು 1991ರಲ್ಲಿ ಲ್ಯುಕೇಮಿಯಾದಿಂದ ಪಾರಾದ 115 ಮಕ್ಕಳ ಹೃದಯ ಪರೀಕ್ಷೆಯ ವಿವರ ಪ್ರಕಟಿಸಿದರು. ಅರ್ಧಕ್ಕೂ ಹೆಚ್ಚು ಮಕ್ಕಳ ಹೃದಯದಲ್ಲಿ ದೋಷ ಕಂಡಿತ್ತು. ಹೃದಯದ ಸ್ನಾಯುಕೋಶ ಸತ್ತರೆ ಅದರ ಜಾಗಕ್ಕೆ ಹೊಸದು ಬರುವುದು ತೀರಾ ಅಪರೂಪ. ಮಗುವಿನ ಮೈ ಬೆಳೆಯುತ್ತಾ ಹೋಗುತ್ತದೆ, ಹೃದಯದ ಗೋಡೆ ಮಾತ್ರ ತೆಳುವಾಗಿಯೇ ಉಳಿಯುತ್ತದೆ.

ಎಕೋ ಪರೀಕ್ಷೆಯಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನಲ್ಲಿ, ಈ ಹಾನಿ ಗೊತ್ತಾಗುವುದು ಪಂಪ್ ಮಾಡುವ ಶಕ್ತಿ ಕುಗ್ಗಿದ ಮೇಲೆ. ಸ್ನಾಯುಕೋಶಕ್ಕೆ ಏಟು ಬಿದ್ದ ಕೂಡಲೇ ಸುಳಿವು ಕೊಡುವುದು ಟ್ರೋಪೋನಿನ್. ಕೋಶದೊಳಗಿರಬೇಕಾದ ಈ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಹೃದಯಾಘಾತವೇ ಎಂದು ನೋಡಲು ತುರ್ತು ಚಿಕಿತ್ಸಾ ವಿಭಾಗದಲ್ಲಿ ಮಾಡುವುದೂ ಇದೇ ಪರೀಕ್ಷೆ. ಎನ್‌ಟಿ-ಪ್ರೊಬಿಎನ್‌ಪಿ ಎಂಬ ಇನ್ನೊಂದು ಗುರುತು ಹೃದಯದ ಗೋಡೆಯ ಮೇಲೆ ಒತ್ತಡ ಬಿದ್ದಾಗ ಏರುತ್ತದೆ.

ಲಿಪ್‌ಷುಲ್ಟ್ಸ್ ತಂಡದ 2004ರ ಒಂದು ಅಧ್ಯಯನದಲ್ಲಿ ಲ್ಯುಕೇಮಿಯಾ ಇದ್ದ 206 ಮಕ್ಕಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಬರೀ ಡಾಕ್ಸೊರುಬಿಸಿನ್, ಇನ್ನೊಂದಕ್ಕೆ ಅದಕ್ಕೂ ಮೊದಲು ಹೃದಯ ಕಾಯುವ ಡೆಕ್ಸ್‌ರಝೋಕ್ಸೇನ್. ಟ್ರೋಪೋನಿನ್ ಏರಿದ್ದು ಮೊದಲ ಗುಂಪಿನಲ್ಲಿ ಶೇ 50 ಮಕ್ಕಳಿಗೆ, ಎರಡನೆಯದರಲ್ಲಿ ಶೇ 21 ಮಕ್ಕಳಿಗೆ. ಎರಡೂವರೆ ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಉಳಿದವರ ಪ್ರಮಾಣ ಎರಡೂ ಕಡೆ ಶೇ 83. ಅಂದರೆ, ಹೃದಯವನ್ನು ಕಾಯಲು ಹೋಗಿ ಕ್ಯಾನ್ಸರ್ ಚಿಕಿತ್ಸೆಯ ಬಲ ಕುಂದಿರಲಿಲ್ಲ. ಅದೇ ತಂಡ 2012ರಲ್ಲಿ ಇನ್ನೂ ಮುಖ್ಯವಾದ ಸಂಗತಿ ಮುಂದಿಟ್ಟಿತು: ಮೊದಲ 90 ದಿನಗಳಲ್ಲಿ ಟ್ರೋಪೋನಿನ್ ಏರಿದ್ದ ಮಕ್ಕಳಲ್ಲಿ, ನಾಲ್ಕು ವರ್ಷದ ನಂತರ ಹೃದಯದ ಗೋಡೆ ತೆಳುವಾಗಿರುವುದು ಹೆಚ್ಚು.

ಆದರೆ ಲ್ಯಾಬಿನ ಒಂದೇ ಅಂಕಿಯನ್ನು ಹಿಡಿದು ತೀರ್ಮಾನಕ್ಕೆ ಬರುವಂತಿಲ್ಲ. 2012ರ ಆ ಅಧ್ಯಯನದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳ ಎನ್‌ಟಿ-ಪ್ರೊಬಿಎನ್‌ಪಿ ಚಿಕಿತ್ಸೆಗೆ ಮೊದಲೇ ಹೆಚ್ಚಿತ್ತು. ರಕ್ತಹೀನತೆ, ಸೋಂಕು, ಜ್ವರ ಇವೆಲ್ಲ ಹೃದಯವನ್ನು ದಣಿಸುತ್ತವೆ. ಹಾಗಾಗಿ ಮೊದಲ ಡೋಸ್‌ಗೆ ಮುನ್ನವೇ ಒಮ್ಮೆ ರಕ್ತ ತೆಗೆದು, ಮುಂದಿನ ಏರಿಳಿತವನ್ನು ಅದರ ಜೊತೆ ಹೋಲಿಸಿ ನೋಡಬೇಕು.

ಅಂಕಿ ಏರಿದಾಗ ಮಾಡುವುದೇನು? ಸ್ತನ ಕ್ಯಾನ್ಸರ್ ಮತ್ತು ಲಿಂಫೋಮಾ ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಕಾರ್ಡಿಯಾಕ್ ಕೇರ್ ಪ್ರಯೋಗದಲ್ಲಿ, ಟ್ರೋಪೋನಿನ್ ಹೆಚ್ಚಿದ್ದವರಿಗೆ ರಕ್ತದೊತ್ತಡದ ಮಾತ್ರೆ ಕೊಟ್ಟರೂ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಹಾನಿಯನ್ನು ಮೊದಲೇ ತಡೆಯುವ ಡೆಕ್ಸ್‌ರಝೋಕ್ಸೇನ್‌ನ ಹಾದಿಯೂ ಸುಗಮವಾಗಿರಲಿಲ್ಲ. ಅದರಿಂದ ಬೇರೆ ಕ್ಯಾನ್ಸರ್ ಬರಬಹುದೆಂಬ ಭಯದಿಂದ ಯುರೋಪ್ 2011ರಲ್ಲಿ ಅದನ್ನು ಮಕ್ಕಳಿಗೆ ಕೊಡದಂತೆ ತಡೆದು, ಹೆಚ್ಚು ಡೋಸ್ ಬೇಕಾಗುವ ಮಕ್ಕಳ ಮಟ್ಟಿಗೆ 2017ರಲ್ಲಿ ಆ ತಡೆಯನ್ನು ತೆಗೆಯಿತು. ಆ ನಡುವಿನ ವರ್ಷಗಳಲ್ಲಿ ಎಷ್ಟೋ ಮಕ್ಕಳಿಗೆ ಆ ರಕ್ಷಣೆ ತಪ್ಪಿಹೋಯಿತಲ್ಲ ಎಂಬ ಸಂಕಟ ಉಳಿಯುತ್ತದೆ.

ಗುಣವಾಗಿ ಮನೆಗೆ ಹೊರಟ ಮಗುವಿನ ಡಿಸ್ಚಾರ್ಜ್ ಚೀಟಿಯಲ್ಲಿ ಕೆಂಪು ಔಷಧದ ಒಟ್ಟು ಡೋಸ್ ಎಷ್ಟೆಂದು ಬರೆದಿದೆಯೇ ಎಂದು ಹೆತ್ತವರು ಕೇಳಿ ನೋಡಿಕೊಳ್ಳಬೇಕು. ಮುಂದೆ ಎಷ್ಟು ವರ್ಷಕ್ಕೊಮ್ಮೆ ಎಕೋ ಮಾಡಿಸಬೇಕು, ಮಗಳು ಮುಂದೆ ಬಸುರಿಯಾದಾಗ ಹೃದಯದ ಮೇಲೆ ಎಷ್ಟು ನಿಗಾ ಬೇಕು ಎಂಬುದನ್ನು ವೈದ್ಯರು ನಿರ್ಧರಿಸುವಾಗ ಮೊದಲು ಕೇಳುವುದು ಅದನ್ನೇ.